ಕೈಯಿಲ್ಲದ ಪಟ

ನಾನು ತೂಬಗೆರೆ ಹೋಬಳಿಯ ಒಂದು ಹಳ್ಳಿಯ ಸೊಸೆ, ದೊಡ್ಡಬಳ್ಳಾಪುರದ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಿಸ್ಸು. ಹೆಸರು ಬಿಂದುಶ್ರೀ. ಇಷ್ಟು ಊರಿಗೆಲ್ಲ ಗೊತ್ತು. ನಾನು ಚಿತ್ರ ಬರೆಯುವವಳು ಎನ್ನುವುದು ಮಾತ್ರ ಬಸ್ಸಿನ ಕಂಡಕ್ಟರುಗಳಿಗಷ್ಟೇ ಗೊತ್ತು. ಬೆಡ್‌ಶೀಟಿನಲ್ಲಿ ಸುತ್ತಿದ ಕ್ಯಾನ್ವಾಸನ್ನು ಹೊತ್ತು ಬಸ್ಸು ಹತ್ತಿದ ಕೂಡಲೇ "ಏನ್ ಮೇಡಂ, ಮತ್ತೆ ಎಕ್ಸಿಬಿಷನ್ನಾ? ಲಗೇಜ್ ಟಿಕೆಟ್ ತಗೊಳ್ಳಿ" ಎನ್ನುತ್ತಾರೆ.

ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ, ಹೊಸಕೋಟೆ, ಎಲ್ಲಿ ಗುಂಪು ಪ್ರದರ್ಶನ ನಡೆದರೂ ನನ್ನದೊಂದು ಚಿತ್ರ ಇದ್ದೇ ಇರುತ್ತದೆ. ಎಲ್ಲಿರುತ್ತದೆ ಎಂದು ಕೇಳಬೇಡಿ. ಬಾಗಿಲು ತೆರೆದರೆ ಬಾಗಿಲ ಹಿಂದೆ, ಇಲ್ಲವೇ ಸ್ವಿಚ್ ಬೋರ್ಡಿನ ಪಕ್ಕ. ನೆಲಮಂಗಲದಲ್ಲಂತೂ ನನ್ನ ಚಿತ್ರದ ಮುಂದೆ ಕುಡಿಯುವ ನೀರಿನ ಕ್ಯಾನ್ ತಂದಿಟ್ಟಿದ್ದರು. ನಾನು ಜಗಳಕ್ಕೆ ನಿಂತಾಗ ಒಬ್ಬ ಮಹಾಶಯ "ನಿಮ್ ಚಿತ್ರದ ಹತ್ರನೇ ಜಾಸ್ತಿ ಜನ ಮೇಡಂ" ಎಂದು ಸಮಾಧಾನ ಬೇರೆ ಹೇಳಿದ. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಕೆಂಪರಾಜ್ ನನ್ನನ್ನು ಆಡಿಕೊಳ್ಳುತ್ತಾನೆ. ಆ ದಿನ ಅವನು ಅಲ್ಲಿದ್ದಿದ್ದರೆ ಕ್ಯಾನನ್ನು ಅವನೇ ಎತ್ತಿ ಒಗೆಯುತ್ತಿದ್ದ.

ಈ ಪ್ರದರ್ಶನಗಳಲ್ಲಿ ಎಲ್ಲರಿಗೂ ಬೇಕಾದದ್ದು ನಂದಿಬೆಟ್ಟ ಮತ್ತು ಎತ್ತಿನ ಗಾಡಿ. ನಾನೂ ಎತ್ತಿನ ಗಾಡಿ ಬರೆದಿದ್ದೇನೆ. ನಮ್ಮೂರಲ್ಲಿ ಗಾಡಿ ಕಂಡು ಯಾವ ಕಾಲವಾಯಿತೋ, ಕ್ಯಾಲೆಂಡರ್ ನೋಡಿಕೊಂಡು ಬರೆದೆ. ಬರೆದು ಮುಗಿಸಿದ ದಿನ ನನಗೇ ನನ್ನ ಮೇಲೆ ವಾಕರಿಕೆ ಬಂತು. ಇನ್ನು ಕಣ್ಣೆದುರಿಗಿರುವುದನ್ನೇ ಬರೆಯುತ್ತೇನೆ, ಯಾರು ಬೇಕಾದರೂ ಮೂಗು ಮುರಿಯಲಿ ಎಂದುಕೊಂಡೆ.

ಕಣ್ಣೆದುರಿಗೆ ಇದ್ದವರು ನನ್ನ ಅತ್ತೆ ಅಮ್ಮಯಮ್ಮ.

ಅತ್ತೆ ಕೂತಲ್ಲಿ ಕೂರುವವರಲ್ಲ. ದನ, ದ್ರಾಕ್ಷಿ ತೋಟ, ಬೀದಿ ನಲ್ಲಿ, ಪಕ್ಕದ ಮನೆ ಪಾಪಕ್ಕನ ಜಗಲಿ, ಎಲ್ಲ ಕಡೆಯೂ ಅವರಿಗೆ ಕೆಲಸ. ಅವರು ಅಲ್ಲಾಡದೆ ಕೂರುವುದು ಸಂಜೆ ಧಾರಾವಾಹಿ ನೋಡುವಾಗ ಮಾತ್ರ. ಹಾಗಾಗಿ ನಾನು ಟಿವಿಯ ಪಕ್ಕದಲ್ಲೇ ಕ್ಯಾನ್ವಾಸ್ ನಿಲ್ಲಿಸಿಕೊಂಡು, ದಿನಾ ಸಂಜೆ ಧಾರಾವಾಹಿ ಮುಗಿಯುವವರೆಗೂ ಅವರ ಮುಖ ಬರೆದೆ. ಅದಕ್ಕೇ ಆ ಚಿತ್ರದಲ್ಲಿ ಅವರು ಕಣ್ಣು ಮಿಟುಕಿಸದೆ ನೇರ ಎದುರಿಗೆ ನೋಡುತ್ತಾರೆ.

"ಅದೇನಮ್ಮಣ್ಣಿ ಅದು, ನನ್ನೇ ನೋಡ್ತೀಯ, ಬರೀತೀಯ?" ಎಂದು ಮೊದಲ ದಿನ ಕೇಳಿದ್ದರು.

"ನಿಮ್ಮನ್ನೇ ಬರೀತಿದೀನಿ ಅತ್ತೆ."

"ಬರ್ಕೋ, ಯಾರ್ ಬ್ಯಾಡಂದೋರು. ಟಿವಿಗ್ ಅಡ್ಡ ಬರಬ್ಯಾಡ, ಅಷ್ಟೇ."

ತಲೆಯ ಮೇಲಿನ ಸೆರಗಿನಿಂದ ಭುಜದವರೆಗೆ, ಎರಡು ಮೊಳ ಅಗಲದ ಮುಖ ಅದು. ಜೋತುಬಿದ್ದ ಕಿವಿ, ಬಿಸಿಲಿಗೆ ಸುಟ್ಟ ಹಣೆ, ಖಳನಾಯಕಿಯನ್ನು ಬೈಯಲು ತಯಾರಾಗಿರುವ ಬಾಯಿ. ನಾನು ಬರೆದದ್ದರಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಡುಗೆ ಮಾಡಿದವಳಿಗೆ ಸಾರು ಕುದಿವಾಗಲೇ ಗೊತ್ತಾಗುವುದಿಲ್ಲವೇ, ಹಾಗೆ ನನಗೂ ಗೊತ್ತಾಗಿತ್ತು.

ನಮ್ಮ ನಾಲ್ಕು ತಾಲ್ಲೂಕುಗಳ ಚಿತ್ರಗಾರರದು ಒಂದು ಬಳಗವಿದೆ. ಭಾಗ್ಯಮ್ಮ ಎಂಬ ಹಿರಿಯ ಡ್ರಾಯಿಂಗ್ ಮೇಡಂ ಕಟ್ಟಿದ್ದು. ಹೋದ ವರ್ಷ ಅವರು ತೀರಿಕೊಂಡರು. ಈಗ ಸುನಿಲ್‌ಕುಮಾರ್ ಎಂಬುವವರು ಕಾರ್ಯದರ್ಶಿ. ಪ್ರತಿ ಜನವರಿಯಲ್ಲಿ ದೊಡ್ಡಬಳ್ಳಾಪುರದ ಒಂದು ಸಮುದಾಯ ಭವನದಲ್ಲಿ ಮೂರು ದಿನ ಪ್ರದರ್ಶನ. ಯಾರ ಚಿತ್ರ ಯಾವ ಗೋಡೆಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ಭಾಗ್ಯಮ್ಮ ಮೇಡಂ ಮಾಡಿಟ್ಟ ಪದ್ಧತಿ. ಕಡೆಯ ದಿನ ಬೆಂಗಳೂರಿನಿಂದ ತೀರ್ಪುಗಾರರು ಬಂದು ಮೂರು ಚಿತ್ರ ಆರಿಸುತ್ತಾರೆ. ಆ ಮೂರು ಬೆಂಗಳೂರಿನ ದೊಡ್ಡ ಗ್ಯಾಲರಿಯಲ್ಲಿ ಒಂದು ತಿಂಗಳು ಇರುತ್ತವೆ. ನಾನು ಇಷ್ಟು ವರ್ಷ ಬಸ್ಸು ಹತ್ತಿ ಇಳಿದದ್ದೆಲ್ಲ ಅದೊಂದಕ್ಕಾಗಿಯೇ.

ಈ ಸಲ ಚೀಟಿಯಲ್ಲಿ ನನಗೆ ಎದುರು ಗೋಡೆ ಬಂತು. ಬಾಗಿಲಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವ ಗೋಡೆ. ನಾನು ಚೀಟಿಯನ್ನು ಎರಡು ಸಲ ಓದಿದೆ. ಈ ಸಲ ಬೆಂಗಳೂರಿಗೆ ಹೋಗಿಯೇ ತೀರಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ. ಮನೆಗೆ ಹೋದವಳೇ "ಅತ್ತೆ, ನೀವೂ ಬರ್ಬೇಕು, ನಿಮ್ಮನ್ನ ಎಲ್ಲಾರೂ ನೋಡ್ತಾರೆ" ಎಂದೆ. ಅತ್ತೆ ಒಳ್ಳೆ ಸೀರೆ ಉಟ್ಟುಕೊಂಡು ಹೊರಟೇಬಿಟ್ಟರು.

ಉದ್ಘಾಟನೆಯ ದಿನ ಅತ್ತೆಗೆ ಬಸ್ಸಿನಲ್ಲಿ ತಲೆ ಸುತ್ತಿತ್ತು. ಭವನ ಮುಟ್ಟಿದ ಮೇಲೆ ಅವರಿಗೆ ಮುಖ ತೊಳೆಸಿ, ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ತಲೆ ಎತ್ತಿದೆ. ಎದುರು ಗೋಡೆಯ ಕೆಳಗೆ ದೀಪದ ಕಂಬ, ಹೂವಿನ ತಟ್ಟೆ. ಮೈಕಿನ ಮುಂದೆ ದೇವನಹಳ್ಳಿ ಕಡೆಯ ಅಶೋಕ್. ಮದುವೆ ಆರತಕ್ಷತೆಯಿಂದ ಹಿಡಿದು ಬ್ಯಾಂಕ್ ಉದ್ಘಾಟನೆಯವರೆಗೆ ಯಾವ ಕಾರ್ಯಕ್ರಮಕ್ಕಾದರೂ ನಿರೂಪಣೆ ಅವನದೇ. ಮಾತು ಬಾಯಿಗೆ ತಾನಾಗಿ ಬರುತ್ತದೆ, ತಲೆ ಬೇರೆಲ್ಲೋ ಇರುತ್ತದೆ.

"ಈಗ ನಮ್ಮನ್ನಗಲಿದ ಹಿರಿಯ ಚೇತನ, ಬಳಗದ ಸಂಸ್ಥಾಪಕಿ ದಿವಂಗತ ಭಾಗ್ಯಮ್ಮನವರ ಭಾವಚಿತ್ರಕ್ಕೆ ಮಾನ್ಯ ಮುಖ್ಯ ಅತಿಥಿಗಳು ಪುಷ್ಪನಮನ ಸಲ್ಲಿಸಬೇಕೆಂದು ಕೋರುತ್ತೇನೆ" ಎಂದ.

ಭಾಗ್ಯಮ್ಮ ಮೇಡಂ ಅವರ ಫೋಟೋ ಇನ್ನೂ ಫ್ರೇಮ್ ಅಂಗಡಿಯಲ್ಲೇ ಇತ್ತು. ಅದನ್ನು ತರಲು ಸುನಿಲ್‌ಕುಮಾರ್ ಓಡಿದ್ದರು. ಓಡುವ ಗಡಿಬಿಡಿಯಲ್ಲಿ ಅಶೋಕನಿಗೆ "ಎದುರುಗಡೆ ಫೋಟೋ ಇಡ್ತೀವಿ, ಅದಕ್ಕೆ ಹಾರ ಹಾಕ್ಸಿ ಶುರು ಮಾಡ್ಬಿಡಪ್ಪ" ಎಂದಷ್ಟೇ ಹೇಳಿ ಹೋಗಿದ್ದರು. ಅಶೋಕ ಭಾಗ್ಯಮ್ಮ ಮೇಡಂ ಮುಖ ಕಂಡವನಲ್ಲ. ಎದುರುಗಡೆ ವಯಸ್ಸಾದ ಹೆಂಗಸಿನದೊಂದು ಮುಖ ಇತ್ತು, ಕೆಳಗೆ ದೀಪ ಇತ್ತು. ಅವನಿಗೆ ಅಷ್ಟು ಸಾಕಾಯಿತು.

ಮುಖ್ಯ ಅತಿಥಿಗಳು ಚೆಂಡು ಹೂವಿನ ಹಾರ ಎತ್ತಿ ನನ್ನ ಅತ್ತೆಯ ಚಿತ್ರಕ್ಕೆ ಹಾಕಿದರು. ತಲೆ ಬಾಗಿ ಕೈ ಮುಗಿದರು. ಫೋಟೋ ತೆಗೆಯುವವರು ಮುಗಿಬಿದ್ದರು. ಬಳಗದ ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಯಾರೂ ಬಾಯಿ ಬಿಡಲಿಲ್ಲ. ಹಾರ ಹಿಡಿದ ಮುಖ್ಯ ಅತಿಥಿಯನ್ನು ನಮ್ಮ ಕಡೆ ಯಾರು ತಡೆಯುತ್ತಾರೆ? ನಾನು ಮುಂದಕ್ಕೆ ನುಗ್ಗಬೇಕು ಎನ್ನುವಷ್ಟರಲ್ಲಿ ಅಶೋಕ "ಅಗಲಿದ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ" ಎಂದುಬಿಟ್ಟ. ಇಡೀ ಸಭೆ ಎದ್ದು ಕೈ ಮುಗಿದು ನಿಂತಿತು.

ಅತ್ತೆಯೂ ಎದ್ದು ನಿಂತು ಕೈ ಮುಗಿದರು. ದೂರದ್ದು ಅವರಿಗೆ ಸರಿಯಾಗಿ ಕಾಣುವುದಿಲ್ಲ. ನನ್ನ ಕೈ ಎಳೆದು ಪಿಸುಗುಟ್ಟಿದರು: "ಯಾರೋ ಹೋಗ್ಬಿಟ್ಟವ್ರಂತೆ ಕಣಮ್ಮಣ್ಣಿ, ಪಾಪ. ತಲೆ ಬಗ್ಸು."

ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ನಿಮಿಷ ಕಂಡಿಲ್ಲ.

ಎಲ್ಲರೂ ಕೂತ ಮೇಲೆ ನಾನು ದಡದಡನೆ ಹೋಗಿ ಹಾರ ಕಿತ್ತೆಸೆದೆ. "ಏನ್ರೀ ಅಶೋಕ್, ಬದುಕಿರೋರಿಗೆ ಹಾರ ಹಾಕ್ಸಿದ್ರಲ್ರೀ! ಕಣ್ಣಿಗೇನ್ ಹಾಕ್ಕೊಂಡಿದ್ರಿ?" ಎಂದು ಕೂಗಿದ್ದು ಅವನ ಮೈಕಿನಲ್ಲೇ ಎಲ್ಲರಿಗೂ ಕೇಳಿಸಿತು. ಅವನು "ಮೇಡಂ, ಮುಖ ಇತ್ತಲ್ಲಾ ಮೇಡಂ..." ಎಂದು ತೊದಲಿದ. ಆ ಹೊತ್ತಿಗೆ ಅತ್ತೆ ಕುರ್ಚಿಗಳನ್ನು ಹಿಡಿದುಕೊಳ್ಳುತ್ತ ಮುಂದೆ ಬಂದು ಚಿತ್ರದ ಕೆಳಗೆ ನಿಂತಿದ್ದರು. ನೆಲದ ಮೇಲೆ ಬಿದ್ದ ಹಾರ ನೋಡಿದರು, ದೀಪ ನೋಡಿದರು, ಆಮೇಲೆ ತಲೆ ಎತ್ತಿ ತಮ್ಮ ಮುಖ ನೋಡಿದರು.

"ಇದು ನಾನಲ್ವಾ?" ಎಂದರು.

ನಾನು ಹಾರವನ್ನು ಕಾಲಿನಿಂದ ದೂರ ತಳ್ಳಿದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಅವರನ್ನು ನಗಿಸಿಬಿಡುತ್ತಿದ್ದೆ. ಆದರೆ ಮುಖ್ಯ ಅತಿಥಿಗಳ ಕಡೆಯವರು ಅಷ್ಟರಲ್ಲೇ ಫೋಟೋ ತೆಗೆದು, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆದು, ತಾಲ್ಲೂಕಿನ ಅಷ್ಟೂ ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದರು. ಕೆಂಪರಾಜ್ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಅವನಿಗೆ ಫೋನಿನ ಮೇಲೆ ಫೋನು. "ಅಮ್ಮ ಹೋಗ್ಬಿಟ್ರಂತಲ್ಲೋ, ಒಂದ್ ಮಾತು ಹೇಳ್ಬಾರ್ದಾ?" ಎಂದು ನೆಂಟರೆಲ್ಲ ಅವನನ್ನೇ ದಬಾಯಿಸಿದ್ದಾರೆ. ನನಗೆ ಫೋನ್ ಮಾಡಿದಾಗ ಅವನ ದನಿಯೇ ಹೊರಡುತ್ತಿರಲಿಲ್ಲ. ಅತ್ತೆಯೇ ಫೋನ್ ತೆಗೆದುಕೊಂಡು "ಇದ್ದೀನಿ ಕಣ್ಲಾ" ಎನ್ನಬೇಕಾಯಿತು. ಅವನು ಕ್ಯಾಬ್ ತಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಊರಿಗೆ ಹೊರಟ.

ಮನೆ ಮುಂದೆ ಜನ ಸೇರಿದ್ದರು. ಪಾಪಕ್ಕ ಬಾಗಿಲಲ್ಲಿ ಕೂತು ಅತ್ತೆಯ ಗುಣಗಾನ ಮಾಡಿಕೊಂಡು ಅಳುತ್ತಿದ್ದಳು. ದೊಡ್ಡಬೆಳವಂಗಲದಿಂದ ಅತ್ತೆಯ ತಮ್ಮ ಅಪ್ಪಯ್ಯಣ್ಣ ಒಂದು ಗಾಡಿ ಜನ ತುಂಬಿಕೊಂಡು ಬಂದು, ಹಾರ ಹಿಡಿದು ನಿಂತಿದ್ದ. ಅತ್ತೆ ಕಾರಿನಿಂದ ಇಳಿದಾಗ ಪಾಪಕ್ಕ ಚೀರಿದಳು. ಅಪ್ಪಯ್ಯಣ್ಣ ಹಾರವನ್ನು ಬೆನ್ನ ಹಿಂದೆ ಮಾಡಿಕೊಂಡು "ಅಕ್ಕಾ! ಇದ್ದೀಯೇನೇ ಅಕ್ಕಾ!" ಎಂದು ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತ. ಕೆಲವರು ನಕ್ಕರು. ನನಗೂ ನಗು ಬರುವುದರಲ್ಲಿತ್ತು.

ಆಗ ಅತ್ತೆ ಜಗಲಿಯ ಪಕ್ಕ ನೋಡಿದರು. ಹಸಿ ಬಿದಿರು, ತೆಂಗಿನ ಗರಿ, ಹೊಸ ಹಗ್ಗ. ಯಾರೋ ಅವಸರದವರು ಚಟ್ಟಕ್ಕೆ ಎಲ್ಲ ತಂದು ಜೋಡಿಸಿದ್ದರು.

"ಬಿದ್ರು ಯಾಕಪ್ಪ ಇಲ್ಲೈತೆ?" ಎಂದು ಅತ್ತೆ ಕೇಳಿದರು. ಅತ್ತೆ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

"ನಾಳೆ ಬೆಳಿಗ್ಗೆ ಹೋಗಿ ಆ ಪಟ ಇಳಿಸ್ಕೊಂಡ್ ಬಾ" ಎಂದ ಕೆಂಪರಾಜ್. "ಕೆರೆಗೆ ಬಿಟ್ಬಿಡಾಣ."

"ಇಳ್ಸಲ್ಲ" ಎಂದೆ.

"ಬಿಂದು, ಮನೇಲಿ ಚಟ್ಟ ಕಟ್ಟೋಕ್ ಬಂದವ್ರೆ ಕಣೇ!"

"ಹಾರ ಹಾಕ್ದೋಳು ನಾನಾ? ಮೆಸೇಜ್ ಬಿಟ್ಟೋಳು ನಾನಾ? ಯಾರೋ ಮಾಡಿದ್ ದಡ್ಡತನಕ್ಕೆ ನನ್ ಚಿತ್ರ ಯಾಕ್ರೀ ಕೆರೆಗ್ ಬೀಳ್ಬೇಕು? ಇಷ್ಟ್ ವರ್ಷ ಬಾಗಿಲ್ ಹಿಂದೆ ಹಾಕಿದ್ರು, ಸುಮ್ನಿದ್ದೆ. ಈಗ ಎದುರುಗಡೆ ಬಂದೈತೆ. ನಾನು ಇಳ್ಸಲ್ಲ ಅಂದ್ರೆ ಇಳ್ಸಲ್ಲ."

ಅವನು ನನ್ನನ್ನು ನೋಡಿದ ರೀತಿಗೆ ನನಗೆ ಇನ್ನಷ್ಟು ಹಟ ಬಂತು.

ಮಾರನೆಯ ದಿನ ಬೆಳಿಗ್ಗೆಯೇ ಹೋಗಿ ಭವನದಲ್ಲಿ ಚಿತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಸುನಿಲ್‌ಕುಮಾರ್ ಬಂದು ಕೈ ಜೋಡಿಸಿದರು. ತಪ್ಪು ನಮ್ಮದೇ, ಕ್ಷಮಿಸಿ ಎಂದರು. ಆಮೇಲೆ ಮೆಲ್ಲಗೆ "ಬೇಕಾದ್ರೆ ನಿಮ್ ಹಳೇ ಎತ್ತಿನ ಗಾಡಿ ತಂದ್ ಹಾಕ್ಬಿಡಿ ಮೇಡಂ, ಮನೇಲೂ ಗಲಾಟೆ ತಪ್ಪುತ್ತೆ" ಎಂದರು. "ಎತ್ತಿನ ಗಾಡೀಲಿ ನಿಮ್ಮನ್ನೇ ಕೂರ್ಸಿ ಕಳಿಸ್ತೀನಿ, ಹೋಗಿ ಸಾರ್" ಎಂದೆ. ಪಾಪ, ಹೋದರು. ದಿನವಿಡೀ ಜನ ಬಂದರು. ಹಾರದ ಸುದ್ದಿ ಕೇಳಿಯೇ ಬಂದವರು ಹೆಚ್ಚು. ನಗುತ್ತ ಬಂದವರೂ ಆ ಮುಖದ ಮುಂದೆ ನಿಂತ ಮೇಲೆ ನಗು ನಿಲ್ಲಿಸುತ್ತಿದ್ದರು. ಹೊಸಕೋಟೆಯ ಪ್ರಿಯಾಂಕ, ಬಳಗದಲ್ಲಿ ನನಗೆ ಬೇಕಾದ ಹುಡುಗಿ, ಕಿವಿಯಲ್ಲಿ ಹೇಳಿದಳು: "ಅಕ್ಕ, ನಾಳೆ ಇದನ್ನ ಬಿಟ್ಟು ಬೇರೇದು ಆರಿಸೋಕೆ ಅವರಿಗೆ ಸಾಧ್ಯನೇ ಇಲ್ಲ." ನನಗೂ ಹಾಗೇ ಅನಿಸಿತ್ತು.

ಸಂಜೆ ಮನೆಗೆ ಬಂದಾಗ ಬೆಳಿಗ್ಗೆ ಇಟ್ಟಿದ್ದ ಮುದ್ದೆ ತಟ್ಟೆಯಲ್ಲಿ ಹಾಗೇ ಒಣಗಿತ್ತು. ಟಿವಿ ಹಾಕಿರಲಿಲ್ಲ. ಅತ್ತೆ ನಿನ್ನೆಯಿಂದ ಬಾಯಿಗೆ ಏನೂ ಇಟ್ಟಿಲ್ಲ, ನೀರು ಬಿಟ್ಟರೆ ಎಂದು ಪಾಪಕ್ಕ ಹೇಳಿದಳು. ನನಗೆ ಸಿಟ್ಟೇ ಬಂತು. ನನ್ನನ್ನು ಬಗ್ಗಿಸಲು ಅಮ್ಮ, ಮಗ ಸೇರಿ ಹೂಡಿದ ಆಟ ಎಂದುಕೊಂಡು, ತಟ್ಟೆಯನ್ನು ಸದ್ದು ಮಾಡಿಕೊಂಡೇ ಎತ್ತಿಟ್ಟೆ.

ಮರುದಿನ ಬೆಳಿಗ್ಗೆ, ಅಂದರೆ ತೀರ್ಪುಗಾರರು ಬರುವ ದಿನ, ಸೀರೆ ಉಟ್ಟು ಹೊರಡಲು ನಡುಮನೆಗೆ ಬಂದೆ. ಅತ್ತೆ ಎದ್ದು ಕೂತಿದ್ದರು. ಎದುರಿಗೆ ಗೋಡೆಯ ಮೇಲೆ ಮಾವನ ಫೋಟೋ. ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಹಾರ. ಅತ್ತೆ ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಅತ್ತೆ?"

"ನಿಮ್ ಮಾವನ್ನ ನೋಡಮ್ಮಣ್ಣಿ. ಕೈ ಇಲ್ಲ. ಪಾಪಕ್ಕನ ಗಂಡಂದು, ನಮ್ಮಪ್ಪಂದು, ಯಾರ್ ಪಟ ಬೇಕಾದ್ರೂ ನೋಡು. ಸತ್ತೋರಿಗೆ ಮೊಖ ಅಷ್ಟೇ ಇಕ್ತಾರೆ. ಕೈಯಿಂದ ಇನ್ನೇನ್ ಕೆಲ್ಸ ಅವ್ರಿಗೆ?" ಕೈ ಮತ್ತೆ ತಿರುಗಿಸಿದರು. "ನಂಗೂ ನೀನು ಕೈ ಇಕ್ಕಿಲ್ಲ. ಅದಕ್ಕೇ ಆ ಯಪ್ಪ ಹಾರ ಹಾಕ್ದ. ಅವನ ತಪ್ಪೇನೈತೆ? ಎಲ್ರೂ ನಿಂತ್ಕೊಂಡ್ ಕೈ ಮುಗುದ್ರು, ನಾನೂ ಮುಗ್ದೆ. ನಂಗೇ ನಾನು ಕೈ ಮುಗ್ದೆ ಕಣಮ್ಮಣ್ಣಿ. ಅನ್ನ ಬಾಯಿಗಿಟ್ರೆ ಒಳಗ್ ಇಳೀತಾ ಇಲ್ಲ. ನಂಗೆ ಭಯ ಆಗ್ತೈತೆ."

ಅತ್ತೆಯ ಬಾಯಲ್ಲಿ ಭಯ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಹಾವು ಬಂದರೆ ಕೋಲು ಹಿಡಿದು ಹೋಗುವ ಹೆಂಗಸು. ಆಟವೂ ಅಲ್ಲ, ಹಟವೂ ಅಲ್ಲ, ಅವರು ನಿಜವಾಗಿಯೂ ಸಾಯಲು ಕೂತಿದ್ದರು. ಆದರೂ ಚಿತ್ರ ಇಳಿಸುವ ಯೋಚನೆ ಬರಲಿಲ್ಲ. ಇಳಿಸಿ ಕೆರೆಗೆ ಬಿಟ್ಟರೆ ಅದು ಹೆಣ ಬಿಟ್ಟ ಹಾಗೇ ಅಲ್ಲವೇ? ಆಗ ಇವರ ಭಯವೇ ಗೆದ್ದ ಹಾಗೆ.

ನಾನು ಕ್ಯಾನ್ವಾಸುಗಳನ್ನು ಜೋಡಿ ಜೋಡಿಯಾಗಿ ಕೊಳ್ಳುವವಳು. ಅದೇ ಅಗಲದ ಇನ್ನೊಂದು ಕ್ಯಾನ್ವಾಸು ಕಪಾಟಿನ ಹಿಂದೆ ಇತ್ತು. ಅದನ್ನು ಹೊರಗೆಳೆದೆ.

"ಎದ್ದೇಳಿ ಅತ್ತೆ. ಕೈ ಬರೀತೀನಿ, ಬನ್ನಿ."

"ಈಗ್ಲಾ?"

"ಈಗ್ಲೇ. ಅಲ್ಲೇ ಕೂತ್ಕೊಂಡು. ಎಲ್ರೂ ನೋಡ್ಲಿ."

ಅತ್ತೆ ಅಡುಗೆಮನೆಗೆ ಹೋಗಿ ಹಿಂದಿನ ದಿನವೇ ಪಾಪಕ್ಕ ನೆನೆಹಾಕಿಟ್ಟಿದ್ದ ಅವರೆಕಾಳಿನ ಬೋಗುಣಿ ಎತ್ತಿಕೊಂಡು ಬಂದರು. "ಸುಮ್ನೆ ಕೈ ಕಟ್ಕೊಂಡ್ ಕೂತ್ರೆ ನಂಗಾಗಲ್ಲ" ಎಂದರು.

ಬಸ್ಸಿನಲ್ಲಿ ಕೂತ ಮೇಲೆ ನನಗೆ ನಿಯಮ ನೆನಪಾಯಿತು. ಗೋಡೆಗೇರಿದ ಚಿತ್ರವನ್ನು ತೀರ್ಪುಗಾರರು ನೋಡುವವರೆಗೆ ಮುಟ್ಟಬಾರದು, ಮುಟ್ಟಿದರೆ ಆಯ್ಕೆಗಿಲ್ಲ. ಹಿಂದೊಮ್ಮೆ ಯಾರೋ ಕಡೇ ಗಳಿಗೆಯಲ್ಲಿ ಬಣ್ಣ ತಿದ್ದಿದಾಗ ಸಭೆಯಲ್ಲಿ ಕಿರುಚಾಡಿ ಆ ನಿಯಮ ಮಾಡಿಸಿದವಳು ನಾನೇ. ಇರಲಿ, ಹನ್ನೊಂದಕ್ಕೆ ತೀರ್ಪುಗಾರರು ಬರುತ್ತಾರೆ, ಬಂದು ಹೋದ ಮೇಲೆ ಬರೆದರಾಯಿತು ಎಂದು ಲೆಕ್ಕ ಹಾಕಿದೆ.

ಹನ್ನೊಂದಾಯಿತು, ಅವರಿಲ್ಲ. ಯಲಹಂಕದ ಹತ್ತಿರ ಟ್ರಾಫಿಕ್ ಎಂದರು. ಆಮೇಲೆ ಊಟ ಮುಗಿಸಿಕೊಂಡು ಬರುತ್ತಾರಂತೆ ಎಂದರು. ಅತ್ತೆ ಬೋಗುಣಿಯನ್ನು ಎದೆಗವುಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ಎದುರು ಗೋಡೆಯ ಕಡೆ ಮುಖ ತಿರುಗಿಸಲಿಲ್ಲ. ಕುರ್ಚಿ ಕೊಟ್ಟರೆ ಕೂರಲಿಲ್ಲ. "ಊರಿಗ್ ಹೋಗ್ಬಿಡಾಣ ಕಣಮ್ಮಣ್ಣಿ" ಎಂದರು. "ಬ್ಯಾಡ. ಆಗಲ್ಲ ನಂಗೆ."

ಈಗ ಇವರು ಹೋದರೆ ಇನ್ನು ಬರುವುದಿಲ್ಲ, ಊಟವನ್ನೂ ಮಾಡುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಕಂಡಿತು.

ನಾನು ಅವರ ಕೈ ಹಿಡಿದು ಎಳೆದುಕೊಂಡೇ ಹೋದೆ. ಚಿತ್ರದ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರಿಸಿದೆ. ಹೊಸ ಕ್ಯಾನ್ವಾಸನ್ನು ಮುಖದ ಕೆಳಗೆ ಒತ್ತಿ ಜೋಡಿಸಿ, ಪ್ರಿಯಾಂಕನ ಕೈಯಲ್ಲಿ ಮೊಳೆ ಹೊಡೆಸಿದೆ. ಬಣ್ಣ ಹಿಂಡಿಕೊಂಡು, ಮೇಲಿನ ಸೆರಗನ್ನು ಕೆಳಗಿನ ಕ್ಯಾನ್ವಾಸಿಗೆ ಎಳೆಯುವ ಮೊದಲ ಗೆರೆ ಹಾಕುವಾಗ ಸುನಿಲ್‌ಕುಮಾರ್ ಓಡಿ ಬಂದರು.

"ಮೇಡಂ, ಮೇಡಂ! ನಿಯಮ! ನೀವೇ ಅಲ್ವಾ ಮೇಡಂ ಆವತ್ತು..."

"ನಾನೇ. ಗೊತ್ತು. ಚಿತ್ರದ ಪಕ್ಕ ಬರ್ಕೊಳ್ಳಿ ಸಾರ್, ಸ್ಪರ್ಧೆಗಿಲ್ಲ ಅಂತ."

ಹೇಳಿದ್ದು ಧೈರ್ಯವಾಗಿಯೇ. ಆದರೂ ಇಷ್ಟು ವರ್ಷಗಳ ಬಾಗಿಲ ಹಿಂದಿನ ಗೋಡೆಗಳೆಲ್ಲ ಕಣ್ಣ ಮುಂದೆ ಹಾದುಹೋದವು.

ಅತ್ತೆ ಅವರೆಕಾಳು ಹಿತುಕತೊಡಗಿದರು. ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬೋಗುಣಿಯಲ್ಲಿ. ಮೊದಮೊದಲು ಬೆರಳು ನಡುಗಿ ಕಾಳು ನೆಲಕ್ಕೆ ಹಾರುತ್ತಿದ್ದವು. ಜನ ಸುತ್ತ ಸೇರಿದರು. "ಅಜ್ಜಿ ಬದುಕೇ ಅವ್ರಲ್ಲಪ್ಪಾ!" ಎಂದು ಯಾರೋ ಅಂದರು. "ಮತ್ತೇನು, ನಿನ್ನ್ ಕೇಳ್ಕೊಂಡ್ ಸಾಯ್ಲಾ?" ಎಂದು ಅತ್ತೆ ತಲೆ ಎತ್ತದೆ ಅಂದರು. ಮೂರು ದಿನಗಳಲ್ಲಿ ಅವರು ಯಾರನ್ನಾದರೂ ಬೈದದ್ದು ಅದೇ ಮೊದಲು. ಬೆರಳು ಸ್ವಲ್ಪ ಗಟ್ಟಿಯಾದವು. ಹೆಂಗಸರಿಬ್ಬರು ಪಕ್ಕದಲ್ಲಿ ಕೂತು ತಾವೂ ಹಿತುಕತೊಡಗಿದರು. ನಾನು ಬರೆಯುತ್ತಲೇ ಹೋದೆ. ಬಲಗೈ ಮುಗಿಯಿತು. ಎಡಗೈ ಅರ್ಧ ಬಂತು.

ಆಗ ತೀರ್ಪುಗಾರರು ಬಂದರು.

ಸುನಿಲ್‌ಕುಮಾರ್ ನನ್ನ ಕಿವಿಯ ಹತ್ತಿರ ಬಗ್ಗಿದರು. ಅವರ ಮೇಲೆ ನನಗೆ ಏನೇ ಸಿಟ್ಟಿದ್ದರೂ, ಆ ಗಳಿಗೆಯಲ್ಲಿ ಅವರು ನನ್ನ ಒಳ್ಳೆಯದಕ್ಕೇ ಹೇಳಿದರು: "ಮೇಡಂ, ಕೆಳಗಿನದು ತೆಗೆದು ಪಕ್ಕಕ್ಕಿಡಿ. ಸೆರಗಿನ ಹತ್ರ ಒಂಚೂರು ಬಣ್ಣ ತಾನೇ, ನಾನ್ ನೋಡೇ ಇಲ್ಲ ಅಂತೀನಿ. ಅಮ್ಮನ್ನ ಅರ್ಧ ಗಂಟೆ ಹೊರಗಡೆ ಕೂರ್ಸಿ. ಅವ್ರು ಹೋದ್ಮೇಲೆ ಮತ್ತೆ ಬರ್ಕೊಳ್ಳಿ. ಯಾಕೆ ಮೇಡಂ ಕೈಯಾರೆ ಕಳ್ಕೊತೀರಾ?"

ನಾನು ಕುಂಚ ಕೆಳಗಿಟ್ಟೆ. ಸುಳ್ಳು ಹೇಳುವುದಿಲ್ಲ, ಇಟ್ಟೆ. ಬಾಗಿಲಲ್ಲಿ ಬೆಂಗಳೂರಿನ ಮೂವರು ನಿಂತು ಮೊದಲ ಚಿತ್ರ ನೋಡುತ್ತಿದ್ದರು. ಇಲ್ಲಿಗೆ ಬರಲು ಅವರಿಗೆ ಇನ್ನು ಹತ್ತು ಹೆಜ್ಜೆ.

ಅತ್ತೆಗೆ ಎಲ್ಲ ಕೇಳಿಸಿತ್ತು. ಹಿತುಕುವುದನ್ನು ನಿಲ್ಲಿಸಿ, ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡರು. "ಹೋಗು, ಅವ್ರನ್ನ ನೋಡ್ಕೋ" ಎಂದರು. "ನಾನ್ ಆಚೆ ಇರ್ತೀನಿ." ದನಿ ಮತ್ತೆ ಬೆಳಗಿನ ದನಿಯಾಗಿತ್ತು. ಕೆಳಗೆ ಕೂತ ಅವರಿಗೂ, ಗೋಡೆಯ ಮೇಲಿನ ಮುಖಕ್ಕೂ ಆಗ ಕೈಯಿರಲಿಲ್ಲ.

"ಕೈ ಆಚೆ ತೆಗೀರಿ ಅತ್ತೆ" ಎಂದೆ.

"ಅವ್ರು ಬಂದವ್ರಲ್ಲಮ್ಮಣ್ಣಿ..."

"ಬರ್ಲಿ. ಕೈ ತೆಗೀರಿ. ಹಿತುಕ್ತಾ ಇರಿ, ನಿಲ್ಲಿಸ್ಬೇಡಿ."

ನನ್ನ ದನಿ ಇಡೀ ಭವನಕ್ಕೆ ಕೇಳಿಸಿತು. ಅತ್ತೆ ಕೈ ಹೊರಗೆ ತೆಗೆದರು. ನಾನು ಕುಂಚ ಎತ್ತಿ ಎಡಗೈಯ ಹೆಬ್ಬೆರಳು ಬರೆದೆ.

ತೀರ್ಪುಗಾರರು ನಮ್ಮ ಹಿಂದೆ ಬಂದು ನಿಂತರು. ಅವರಲ್ಲಿ ಹಿರಿಯ ಹೆಂಗಸೊಬ್ಬರು "ಇದು ಯಾರದು?" ಎಂದು ಕೇಳಿದರು. "ಬಿಂದುಶ್ರೀ ಅಂತ ಮೇಡಂ. ಸ್ಪರ್ಧೆಯಲ್ಲಿಲ್ಲ" ಎಂದು ಸುನಿಲ್‌ಕುಮಾರ್ ಹೇಳಿದರು. ಆಕೆ ಬಹಳ ಹೊತ್ತು ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಎದ್ದುಬಿಡುತ್ತೇನೆ ಎಂಬ ಹೆದರಿಕೆ ಇತ್ತು. ಕಡೆಗೆ ಚಪ್ಪಲಿಯ ಸದ್ದು ಪಕ್ಕದ ಗೋಡೆಗೆ ಹೋಯಿತು. ಆಮೇಲೆ ಅವರು ಆರಿಸಿದ ಮೂರನ್ನು ಮೈಕಿನಲ್ಲಿ ಹೇಳಿದರು, ಅದರಲ್ಲಿ ಒಂದು ಎತ್ತಿನ ಗಾಡಿ. ನನಗೆ ಮೈಯೆಲ್ಲ ಉರಿಯಿತು. ಅಳುವೂ ಬಂತು. ಅತ್ತರೆ ಬೆರಳು ಕೆಡುತ್ತದೆಂದು ಹಲ್ಲು ಕಚ್ಚಿಕೊಂಡು ಬರೆದೆ.

ಅಷ್ಟರಲ್ಲಿ ಕೆಂಪರಾಜ್ ಬಂದ. ಕೈಯಲ್ಲಿ ಹಳೆಯ ಬೆಡ್‌ಶೀಟು. ನಾನು ಇಳಿಸದಿದ್ದರೆ ತಾನೇ ಇಳಿಸಿ ಸುತ್ತಿಕೊಂಡು ಹೋಗಲು ತಯಾರಾಗಿ ಬಂದಿದ್ದ. ಜನರನ್ನು ಸರಿಸಿಕೊಂಡು ಒಳಗೆ ಬಂದವನು, ಕೆಳಗೆ ಕೂತ ತಾಯಿಯನ್ನೂ ಗೋಡೆಯ ಮೇಲಿನ ತಾಯಿಯನ್ನೂ ನೋಡುತ್ತ ನಿಂತುಬಿಟ್ಟ.

ಕಡೆಯ ಬೆರಳು ಮುಗಿಸಿ ನಾನು ಹಿಂದೆ ಸರಿದೆ. ಅತ್ತೆ ಮೊಣಕಾಲ ಮೇಲೆ ಕೈಯೂರಿ ಎದ್ದರು. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಬರೆದ ಕೈಗಳನ್ನೂ ತಮ್ಮ ಕೈಗಳನ್ನೂ ಪಕ್ಕ ಪಕ್ಕ ಹಿಡಿದು ನೋಡಿದರು.

"ಈ ಕಿರುಬೆರಳು ನಂದಲ್ಲ" ಎಂದರು. "ನಂದು ಸೊಟ್ಟ ಐತೆ, ಹಸು ತುಳಿದಿತ್ತಲ್ಲ. ಸೊಟ್ಟ ಮಾಡು."

ನಾನು ಸೊಟ್ಟ ಮಾಡಿದೆ. ಅವರು ಮತ್ತೊಮ್ಮೆ ನೋಡಿದರು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಮಗನ ಕಡೆ ತಿರುಗಿದರು.

"ಲೇ ಕೆಂಪ, ದುಪ್ಟಿ ಹಿಡ್ಕೊಂಡ್ ಏನ್ ನಿಂತಿದೀಯ್ಲಾ ಗರ ಬಡ್ದೋನಂಗೆ? ಹೊಟ್ಟೆ ಹಸೀತಾ ಐತೆ ನಂಗೆ. ಹೋಗು, ಮುದ್ದೆ ಎಲ್ಲಿ ಸಿಗ್ತೈತೋ ನೋಡು. ಇವಳಿಗೂ ತಗೊಂಡ್ ಬಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಕೆಂಪರಾಜ್ ಬೆಡ್‌ಶೀಟನ್ನು ಅಲ್ಲೇ ಕುರ್ಚಿಯ ಮೇಲೆ ಹಾಕಿ ಓಡಿದ. ನಾನು ಬಣ್ಣದ ಕೈಯಲ್ಲೇ ಮುಖ ಮುಚ್ಚಿಕೊಂಡು, ಅಷ್ಟು ಜನರ ನಡುವೆ ಜೋರಾಗಿ ಅತ್ತುಬಿಟ್ಟೆ.